ತುದಿಗಾಲಲ್ಲಿ ನಿಂತವಳು

ಜೂನ್ ೩

ಚಿರಂಜೀವಿ ಮಿಡತೆಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನಿನ್ನಮ್ಮ ಗೊಣಗಿದಳಂತೆ. ನನ್ನ ಕಿವಿ ಎದುರಿಗೆ ಕುಳಿತವರ ಮಾತನ್ನೇ ಈಗ ಅರ್ಧಂಬರ್ಧ ಒಪ್ಪಿಸುತ್ತದೆ. ಫೋನಿನ ಮಾತಂತೂ ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿಯ ಸದ್ದು. ಕಾಗದದ ಮೇಲಿನ ಮಾತನ್ನು ಎರಡು ಸಲ ಓದಬಹುದು, ತಿದ್ದಲೂಬಹುದು.

ತಿದ್ದುವುದನ್ನೇ ಮೊದಲು ಮಾಡುತ್ತೇನೆ. "ಹಿಮ್ಮಡಿ ಎತ್ತರವಾದ್ದರಿಂದ ಕಾಲು ನೋಯುತ್ತದೆ" ಎಂದು ಬರೆದಿದ್ದೀಯೆ. ಯಾರ ಹಿಮ್ಮಡಿ ಎತ್ತರ? ಹಿಮ್ಮಡಿ ಹುಟ್ಟಿನಿಂದ ಬಂದದ್ದು. ಅಂಗಡಿಯಿಂದ ತಂದದ್ದು ಹೀಲು. ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಬೇಡ. ಇನ್ನು ಕಾಲು ಎಂದರೆ ತೊಡೆಯಿಂದ ಬೆರಳಿನವರೆಗೂ ಕಾಲೇ. ವೈದ್ಯರ ಮುಂದೆ ಹೀಗೆ ಹೇಳಿದರೆ ಅವರು ಸೊಂಟದಿಂದ ಹುಡುಕಿಕೊಂಡು ಬರಬೇಕಾಗುತ್ತದೆ. ಅಂಗಾಲೋ, ಹರಡೋ, ಮೀನಖಂಡವೋ, ಹೆಸರಿಟ್ಟು ಹೇಳು. ನೋವಿಗೆ ಸರಿಯಾದ ಹೆಸರು ಸಿಕ್ಕರೆ ಅರ್ಧ ಔಷಧ ಸಿಕ್ಕಂತೆ.

ಉಳಿದರ್ಧ ಇಲ್ಲಿದೆ. ಮನೆಯಿಂದ ಮಳಿಗೆಯವರೆಗೆ ಚಪ್ಪಟೆ ಚಪ್ಪಲಿಯಲ್ಲೇ ಹೋಗು. ಆ ಹೀಲಿನ ಬೂಟನ್ನು ಬಾಗಿಲಲ್ಲಿ ಹಾಕಿಕೊಂಡರೆ ಸಾಕು. ಮನೆಗೆ ಬಂದಮೇಲೆ ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಪಾದ ಇಳಿಬಿಡು. ಮೆಟ್ಟಿಲಿನ ಅಂಚಿನಲ್ಲಿ ಬೆರಳೂರಿ ನಿಂತು ಹಿಮ್ಮಡಿಯನ್ನು (ನಿನ್ನದನ್ನು) ಮೆಲ್ಲಗೆ ಕೆಳಕ್ಕೆ ಬಿಡು. ಮೀನಖಂಡ ಎಳೆದಂತಾಗಬೇಕು, ಚುಚ್ಚಿದಂತೆ ಅಲ್ಲ.

ನಿನ್ನ ಪಾದದ ಮೇಲೆ ನನಗೇಕೆ ಇಷ್ಟು ಕಾಳಜಿ ಎಂದರೆ, ನಮ್ಮ ಶಾಲೆಯ ಡ್ರಿಲ್ ಮಾಸ್ತರು ಈ ವರ್ಷದ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಸೀಟಿ ಬಾಯಿಗಿಟ್ಟರೆ ಸೀಟಿಗಿಂತ ಮುಂಚೆ ಕೆಮ್ಮು ಬರುತ್ತಿದೆ, ಪಾಪ. ಆ ಜಾಗ ತುಂಬುವುದು ಖಚಿತ. ನೀನು ಡ್ರಿಲ್ ಟೀಚರ್ ತರಬೇತಿ ಮುಗಿಸಿ, ಕೆಲಸ ಸಿಗದೆ, "ಸದ್ಯಕ್ಕೆ ಇರಲಿ" ಎಂದು ಆ ಮಳಿಗೆ ಸೇರಿದವಳು. ಆ ಸದ್ಯಕ್ಕೆ ಎಷ್ಟು ವಯಸ್ಸಾಯಿತು ನೋಡು. ಇದು ತಪ್ಪಿದರೆ ನಿನಗೆ ವಯೋಮಿತಿ ಮೀರುತ್ತದೆ. ಇದು ಕೊನೆಯ ಅವಕಾಶ. ಮೈದಾನದ ಪರೀಕ್ಷೆ ಇರುತ್ತದೆ. ಓಡಬೇಕು, ಕವಾಯತು ಮಾಡಿ ತೋರಿಸಬೇಕು. ಪಾದಗಳನ್ನು ಕಾಪಾಡಿಕೊ.

ನಿನ್ನ ದೊಡ್ಡಮ್ಮ


ಜೂನ್ ೨೧

ದೊಡ್ಡಮ್ಮನಿಗೆ ನಮಸ್ಕಾರಗಳು.

ಹೆಸರಿಟ್ಟು ಹೇಳುತ್ತೇನೆ. ಬೆರಳುಗಳ ಬುಡದಲ್ಲಿ ಅಂಗಾಲು ಉರಿಯುತ್ತದೆ. ಕಿರುಬೆರಳಿನ ಮೇಲೆ ಆಣಿ ಎದ್ದಿದೆ. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಒರಗಿಕೊಂಡಿದೆ, ಬಸ್ಸಿನಲ್ಲಿ ನಿದ್ದೆ ತೂಗುವವರ ತಲೆಯಂತೆ. ಸಂಜೆಗೆ ಮೀನಖಂಡ ಕಲ್ಲು.

ನಾನು ಕೆಲಸ ಮಾಡುವ ಜಾಗವನ್ನು ನೀವು ನೋಡಿಲ್ಲ. ಸುಗಂಧದ ಸೀಸೆಗಳ ವಿಭಾಗ. ನೆಲ ಎಷ್ಟು ಹೊಳೆಯುತ್ತದೆಂದರೆ ನಮ್ಮ ಗಲ್ಲದ ಕೆಳಭಾಗವೂ ಅದರಲ್ಲಿ ಕಾಣುತ್ತದೆ. ಕುರ್ಚಿಗಳು ಗಿರಾಕಿಗಳಿಗೆ ಮಾತ್ರ. ನಮ್ಮ ಮೇಲ್ವಿಚಾರಕಿಗೆ ನಾವಿಟ್ಟ ಹೆಸರು ಅಳತೆಪಟ್ಟಿ. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಹೀಲಿಗೆ ಸ್ಕೇಲು ಹಿಡಿಯುತ್ತಾರೆ. ನಾಲ್ಕು ಬೆರಳೆತ್ತರಕ್ಕೆ ಕಡಿಮೆ ಇರಕೂಡದು. ಮೊನ್ನೆ ಗಡಿಯಾರದ ವಿಭಾಗದವಳು ಕೇಳಿಯೇಬಿಟ್ಟಳು: "ಮೇಡಂ, ಎತ್ತರ ನಮಗೋ, ಸೀಸೆಗಳಿಗೋ?" ಅದಕ್ಕವರು, "ನೀನು ಕುಳ್ಳಿ ಕಣೇ, ನಿನಗೇ ಮೊದಲು ಬೇಕು" ಎಂದರು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಮಧ್ಯಾಹ್ನ ನೋಡಿದರೆ ಕೈತೊಳೆಯುವ ಕೋಣೆಯಲ್ಲಿ ಪಾದ ಬೇಸಿನ್ನಿನೊಳಗಿಟ್ಟು ನಲ್ಲಿ ತಿರುಗಿಸಿಕೊಂಡು ನಿಂತಿದ್ದಳು.

ದಾರಿಯಲ್ಲಿ ಚಪ್ಪಟೆ ಚಪ್ಪಲಿ ಹಾಕಿಕೊಂಡು ಹೋಗಿ ನೋಡಿದೆ. ಬಾಗಿಲಲ್ಲಿ ಬದಲಿಸುವಾಗ ಅಳತೆಪಟ್ಟಿ ಕಂಡು, "ಬೀದಿಯಲ್ಲಿ ಗಿರಾಕಿಗಳು ನಿಮ್ಮನ್ನು ನೋಡಲ್ವಾ?" ಎಂದರು. ಒಂದು ಮೂಲೆ ಹಿಂದೆ ನಿಂತು ಬದಲಿಸಿಕೊಳ್ಳುತ್ತೇನೆ. ಅಲ್ಲೊಂದು ನಾಯಿ ಮಲಗಿರುತ್ತದೆ, ಅದು ಯಾರಿಗೂ ಹೇಳುವುದಿಲ್ಲ.

ಡ್ರಿಲ್ ಮಾಸ್ತರ ಜಾಗದ ಸುದ್ದಿ ಓದಿ ನಿದ್ದೆ ಬರಲಿಲ್ಲ. ನನ್ನ ಸೀಟಿ ಇನ್ನೂ ಇದೆ ದೊಡ್ಡಮ್ಮ. ಒರೆಸಿಟ್ಟಿದ್ದೇನೆ.

ನಿಮ್ಮ ಮಿಡತೆ


ಜುಲೈ ೮

ಚಿರಂಜೀವಿ ಮಿಡತೆಗೆ,

ಈ ಸಲದ ಪತ್ರದಲ್ಲಿ ತಪ್ಪಿಲ್ಲ. ಕೆಂಪು ಪೆನ್ಸಿಲು ನಿರುದ್ಯೋಗಿಯಾಗಿ ಕುಳಿತಿದೆ.

ನಿನ್ನ ಅಳತೆಪಟ್ಟಿಗೆ ಎತ್ತರ ಬೇಕೆಂದರೆ ಕೊಡು; ಆದರೆ ಹೇಗೆ ಕೊಡಬೇಕೆಂಬುದು ನಿನ್ನ ಕೈಯಲ್ಲಿದೆ. ಸೂಜಿಮೊನೆಯಂಥ ಹೀಲು ಬೇಡ, ದಪ್ಪ ಹೀಲಿನದು ಹುಡುಕು, ಭಾರ ಹಂಚಿಹೋಗುತ್ತದೆ. ಮುಂಭಾಗ ಚೂಪಾಗಿರದೆ ಬೆರಳುಗಳಿಗೆ ಉಸಿರಾಡಲು ಜಾಗವಿರಲಿ. ಬೂಟು ಕೊಳ್ಳುವುದಾದರೆ ಸಂಜೆ ಹೋಗು. ದಿನವೆಲ್ಲ ನಿಂತು ಊದಿದ ಪಾದಕ್ಕೆ ಹೊಂದಿದ್ದು ಬೆಳಿಗ್ಗೆಗೂ ಹೊಂದುತ್ತದೆ, ಬೆಳಿಗ್ಗೆ ಹೊಂದಿದ್ದು ಸಂಜೆಗೆ ಕಚ್ಚುತ್ತದೆ. ಬೆರಳ ಬುಡಕ್ಕೆ ಮೆತ್ತನೆಯ ದಿಂಬು ಇಟ್ಟುಕೊ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ನೆಲದ ಮೇಲಿಟ್ಟು ಅಂಗಾಲಿನಡಿ ಉರುಳಾಡಿಸು.

ಇನ್ನೊಂದು ಕೆಲಸ. ಬಿಳಿ ಹಾಳೆಯ ಮೇಲೆ ಬರಿಗಾಲಲ್ಲಿ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸು. ನಿನಗೆ ಕ್ಯಾನ್ವಾಸ್ ಬೂಟು ಕೊಳ್ಳುವವಳಿದ್ದೇನೆ. ಮೈದಾನದ ಪರೀಕ್ಷೆಗೆ ಹೊಸ ಬೂಟು ಹಾಕಿಕೊಂಡು ಹೋದರೆ ಗುಳ್ಳೆ ಏಳುತ್ತದೆ. ಈಗಿನಿಂದಲೇ ಹಾಕಿ ಪಳಗಿಸಬೇಕು.

ಆಡಳಿತ ಮಂಡಳಿಯವರನ್ನು ಕಂಡು ಬಂದೆ. "ನಿಮ್ಮ ತಂಗಿಯ ಮಗಳು ಅಂತ ರಿಯಾಯಿತಿ ಇರೋದಿಲ್ಲ ಟೀಚರ್" ಎಂದರು. "ರಿಯಾಯಿತಿ ಕೇಳಲು ಬಂದಿಲ್ಲ, ದಿನಾಂಕ ಕೇಳಲು ಬಂದೆ" ಎಂದೆ.

ದೊಡ್ಡಮ್ಮ


ಆಗಸ್ಟ್ ೧೭

ದೊಡ್ಡಮ್ಮನಿಗೆ,

ಹಾಳೆ ಇದರೊಂದಿಗಿದೆ. ದಪ್ಪ ಹೀಲಿನದು ಹಾಕಿಕೊಂಡು ಹೋಗಿದ್ದೆ. "ಇದೇನು, ಮಂಚದ ಕಾಲಾ?" ಎಂದು ಅಳತೆಪಟ್ಟಿ ವಾಪಸು ಕಳಿಸಿದರು. ಹಳೆಯದರ ಹೀಲನ್ನೇ ಚಮ್ಮಾರರಿಂದ ಒಂದು ಬೆರಳಷ್ಟು ಕತ್ತರಿಸಿಕೊಂಡೆ. ಸ್ಕೇಲಿಗೆ ಸಿಕ್ಕಿಬಿದ್ದೆ. ಈಗ ನನ್ನನ್ನು ಮುಂಬಾಗಿಲಿಗೆ ಹಾಕಿದ್ದಾರೆ. ಬಂದವರಿಗೆಲ್ಲ ನಗುತ್ತಾ ಬಾಗಿಲು ತೆರೆಯಬೇಕು. ಅಲ್ಲಿ ಒರಗಲು ಮೇಜೂ ಇಲ್ಲ.

ಬಾಟಲಿ ಉರುಳಾಡಿಸಿದರೆ ಹಾಯೆನಿಸುತ್ತದೆ. ಮೆಟ್ಟಿಲಿನ ವ್ಯಾಯಾಮವನ್ನೂ ಮಾಡುತ್ತಿದ್ದೇನೆ. ಅಮ್ಮ, "ಏನೇ ಅದು, ಮೆಟ್ಟಿಲ ಮೇಲೆ ನಿಂತು ತೂಗಾಡ್ತೀಯಾ, ಬಿದ್ದು ಹಲ್ಲು ಮುರ್ಕೊಂಡ್ರೆ ಯಾರು ನೋಡೋರು?" ಎನ್ನುತ್ತಾಳೆ.

ಮಿಡತೆ


ಸೆಪ್ಟೆಂಬರ್ ೨

ಚಿರಂಜೀವಿ ಮಿಡತೆಗೆ,

ಬೂಟು ಪಾರ್ಸೆಲ್ ಮಾಡಿದ್ದೇನೆ. ಬಿಳಿಯದು, ಮುಂಭಾಗ ಅಗಲವಾಗಿದೆ.

ನಿನ್ನ ಚಿತ್ರದ ಬಗ್ಗೆ ಒಂದು ಮಾತು. ಬೆರಳುಗಳ ಕಡೆ ಗೆರೆ ಸ್ಪಷ್ಟವಾಗಿದೆ. ಹಿಂದಕ್ಕೆ ಬಂದಂತೆ ನಡುಗಿದೆ, ಹಿಮ್ಮಡಿಯ ಹತ್ತಿರವಂತೂ ಗೆರೆ ಎಲ್ಲಿಂದೆಲ್ಲಿಗೋ ಹೋಗಿದೆ. ಶಾಲೆಯಲ್ಲಿ ಭೂಪಟ ಬರೆಯುವಾಗಲೂ ಹೀಗೆಯೇ, ಒಂದು ಬದಿ ಚೆನ್ನಾಗಿ ಎಳೆದು ಇನ್ನೊಂದು ಬದಿಯ ಕರಾವಳಿಯನ್ನು ಊಹಿಸಿಬಿಡುತ್ತಿದ್ದೆ. ಹಿಡಿದ ಕೆಲಸವನ್ನು ಕೊನೆಯವರೆಗೂ ಒಂದೇ ಶ್ರದ್ಧೆಯಿಂದ ಮಾಡಬೇಕು. ನಾನೇ ಅಂದಾಜು ಮಾಡಿ ಅಳತೆ ಹೇಳಿದೆ.

ಬೂಟು ಹೊಂದಿತೇ ಎಂದು ಕೂಡಲೇ ಬರೆ.

ದೊಡ್ಡಮ್ಮ


ಅಕ್ಟೋಬರ್ ೧೧

ಚಿರಂಜೀವಿ ಮಿಡತೆಗೆ,

ಕೂಡಲೇ ಎಂದು ಬರೆದಿದ್ದೆ. ಆ ಪದದ ಅರ್ಥವನ್ನೂ ಹೇಳಿಕೊಡಬೇಕೇ?

ದೊಡ್ಡಮ್ಮ


ನವೆಂಬರ್ ೪

ದೊಡ್ಡಮ್ಮನಿಗೆ ನಮಸ್ಕಾರಗಳು.

ತಡವಾಯಿತು. ಬೂಟು ತುಂಬ ಚೆನ್ನಾಗಿದೆ. ಅಮ್ಮ ಅದನ್ನು ಕಪಾಟಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸುತ್ತಾಳೆ.

ಹೀಗಿದೆ ದೊಡ್ಡಮ್ಮ: ಹಿಮ್ಮಡಿ ಇಳಿಯುತ್ತಿಲ್ಲ. ಎಷ್ಟು ಪ್ರಯತ್ನಪಟ್ಟರೂ ಮೇಲೆಯೇ ಇದೆ. ವಿಚಿತ್ರವೆಂದರೆ, ಈಗ ಕೆಲಸದಲ್ಲಿ ನಿಂತಾಗ ಮೊದಲಿನಷ್ಟು ನೋವಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯುತ್ತಿಲ್ಲ. ನೀವೇನು ಹೇಳುತ್ತೀರಿ?

ಮಿಡತೆ


ನವೆಂಬರ್ ೧೬

ಚಿರಂಜೀವಿ ಮಿಡತೆಗೆ,

ನೋವು ತಗ್ಗಿತೆಂದು ಓದಿ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಉಪ್ಪುನೀರು, ಬಾಟಲಿ, ಮೆಟ್ಟಿಲು: ಬಿಡದೆ ಮಾಡಿದ್ದಕ್ಕೆ ಫಲ ಸಿಕ್ಕಿತು. ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಪ್ರಶ್ನೆಯೇ ಇದು?

ಆದರೆ ಹಳೆಯ ತಪ್ಪು ಮರಳಿ ಬಂದಿದೆ. "ಹಿಮ್ಮಡಿ ಇಳಿಯುತ್ತಿಲ್ಲ" ಎಂದಿದ್ದೀಯೆ. ಜೂನಿನಲ್ಲಿ ಅಷ್ಟು ಬಿಡಿಸಿ ಹೇಳಿದ್ದೆ: ನಿನ್ನದು ಹಿಮ್ಮಡಿ, ಅಂಗಡಿಯದು ಹೀಲು. ಆ ಸಾಲನ್ನು ತಿದ್ದಿ ನಿನ್ನ ಪತ್ರವನ್ನು ಇದರೊಂದಿಗೆ ಮರಳಿಸಿದ್ದೇನೆ, ನೋಡಿಕೊ. ಇನ್ನು ಅವರು ಹೀಲು ಇಳಿಸಲು ಒಪ್ಪುತ್ತಿಲ್ಲವೆಂದರೆ ಒಬ್ಬೊಬ್ಬರೇ ಕೇಳಬೇಡಿ; ಎಲ್ಲರೂ ಸಹಿ ಮಾಡಿ ಮಾಲೀಕರಿಗೇ ಮನವಿ ಕೊಡಿ. ಭಾಷೆ ನಾನು ನೋಡಿಕೊಡುತ್ತೇನೆ.

ಈಗ ನಿಜವಾದ ಸುದ್ದಿ. ದಿನಾಂಕ ಗೊತ್ತಾಯಿತು. ಜನವರಿ ಇಪ್ಪತ್ತೆಂಟು, ನಿಮ್ಮೂರಿನ ದೊಡ್ಡ ಮೈದಾನದಲ್ಲೇ ಪರೀಕ್ಷೆ. ಹೊರಗಿನ ಪರೀಕ್ಷಕರು ಬರುತ್ತಾರೆ. ನೀನಂತೂ ತುದಿಗಾಲಲ್ಲಿ ನಿಂತಿರಬೇಕು. ನನಗೂ ಹಾಗೆಯೇ ಆಗಿದೆ. ನಿನಗೆಂದು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಿಟಕಿ ತೆರೆದರೆ ಶಾಲೆಯ ಮೈದಾನ. ನೀನು ಮಕ್ಕಳನ್ನು ಸಾಲು ನಿಲ್ಲಿಸುವುದು ನನಗೆ ಕುಳಿತಲ್ಲಿಂದಲೇ ಕಾಣುತ್ತದೆ.

ದೊಡ್ಡಮ್ಮ


ಡಿಸೆಂಬರ್ ೨೦

ಚಿರಂಜೀವಿ ಮಿಡತೆಗೆ,

ಉತ್ತರವಿಲ್ಲ. ತಿದ್ದಿದ್ದಕ್ಕೆ ಬೇಸರವಾಯಿತೇ? ತಿದ್ದುವುದು ತಪ್ಪು ಕಂಡಾಗ ಮಾತ್ರ, ಪ್ರೀತಿ ಯಾವಾಗಲೂ. ಇದನ್ನು ನಾನು ತರಗತಿಯಲ್ಲಿ ಎಂದೂ ಹೇಳಿದವಳಲ್ಲ.

ಓಡುವ ಅಭ್ಯಾಸ ನಡೆದಿದೆಯಷ್ಟೇ? ಬೂಟು ಪಳಗಿತೇ?

ದೊಡ್ಡಮ್ಮ


ಜನವರಿ ೯

ದೊಡ್ಡಮ್ಮನಿಗೆ,

ಬೇಸರವೇನಿಲ್ಲ. ಪದ ತಿದ್ದಿದ್ದಕ್ಕೆ ಕೃತಜ್ಞಳು. ಪರೀಕ್ಷೆಗೆ ಹೋಗುತ್ತೇನೆ. ಕೋಣೆಗೆ ಸುಣ್ಣ ಯಾಕೆ ಹೊಡೆಸಿದಿರಿ, ಫಲಿತಾಂಶ ಬಂದಮೇಲೆ ಹೊಡೆಸಬಹುದಿತ್ತು.

ಮಿಡತೆ


ಫೆಬ್ರವರಿ ೧೪

ಮಿಡತೆಗೆ,

ಪಟ್ಟಿ ಬಂದಿದೆ. ನಿನ್ನ ಹೆಸರಿಲ್ಲ. ಅದನ್ನು ಸಹಿಸಬಲ್ಲೆ, ಅದರ ಹಿಂದಿನ ಮಾತನ್ನು ಸಹಿಸಲಾರೆ. ಮಂಡಳಿಯವರು ನನ್ನನ್ನು ಕೂರಿಸಿಕೊಂಡು, ಕೇಳಿಸಲೆಂದು ಕೂಗಿಯೇ ಹೇಳಿದರು: "ನಿಮ್ಮ ಹುಡುಗಿ ಪರೀಕ್ಷಕರ ಮುಂದೆ ತಮಾಷೆ ಮಾಡಿದಳಂತೆ ಟೀಚರ್. ಸಾವಧಾನ್ ಅಂದ್ರೆ ತುದಿಗಾಲಲ್ಲಿ ನಿಂತಳಂತೆ. ಮೂರು ಸಲ ಹೇಳಿದ್ರೂ ಹಾಗೇ ನಿಂತಳಂತೆ." ಹೊರಗೆ ಕಾಯುತ್ತಿದ್ದ ಗುಮಾಸ್ತರಿಗೂ ಕೇಳಿಸಿತು.

ಈ ಶಾಲೆಯಲ್ಲಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಆ ಕೆಲಸ ಬೇಡವಾಗಿದ್ದರೆ ಬೇಡವೆಂದು ಬರೆಯಬಹುದಿತ್ತು. ನಾನು ಹೇಳಿಕೊಟ್ಟ ಭಾಷೆಯಲ್ಲಿ ಆ ಪದವೂ ಇದೆ.

ದೊಡ್ಡಮ್ಮ


ಮಾರ್ಚ್ ೨೩

ದೊಡ್ಡಮ್ಮನಿಗೆ ನಮಸ್ಕಾರಗಳು.

ನಿಮ್ಮ ಸಿಟ್ಟು ಇಳಿಯಲಿ ಎಂದು ಕಾದು ಬರೆಯುತ್ತಿದ್ದೇನೆ.

ನಾನು ತಮಾಷೆ ಮಾಡಲಿಲ್ಲ. ಬಿಳಿ ಬೂಟು ಹಾಕಿಕೊಂಡು ಹೋಗಿದ್ದೆ. ಓಟ ಹೇಗೋ ಮುಗಿಯಿತು. ಓಡುವಾಗ ಬೆರಳ ಮೇಲೆಯೇ ಓಡಬಹುದು, ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಬೂಟು ಬಿಚ್ಚಿಸಿ ಬರಿಗಾಲಲ್ಲಿ ಸಾಲು ನಿಲ್ಲಿಸಿದರು. "ಸಾವಧಾನ್" ಎಂದರು. ಎಲ್ಲರ ಹಿಮ್ಮಡಿಗಳೂ ನೆಲಕ್ಕೆ ಬಡಿದು ಕೂಡಿದವು. ನನ್ನವು ಬರಲಿಲ್ಲ. ಪರೀಕ್ಷಕರು ಹತ್ತಿರ ಬಂದು, "ಏನಮ್ಮಾ, ಗೋಡೆಯಾಚೆ ಯಾರನ್ನ ಇಣುಕಿ ನೋಡ್ತಿದ್ದೀರಿ?" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಅದೇ ತಪ್ಪಾಯಿತು. ಮಳಿಗೆಯಲ್ಲಿ ಯಾರೇನಂದರೂ ನಗುವುದು ನಮಗೆ ರೂಢಿ. "ಇಳಿಸಿ" ಎಂದರು. ಒತ್ತಿದೆ. ಮೀನಖಂಡದಿಂದ ಹಿಮ್ಮಡಿಗೆ ಹಗ್ಗ ಬಿಗಿದು ಯಾರೋ ಜಗ್ಗಿದಂತಾಯಿತು. ಮುಂದಕ್ಕೆ ಮುಗ್ಗರಿಸಿದೆ. ಅದನ್ನೂ ಅವರು ತಮಾಷೆ ಎಂದುಕೊಂಡರು.

ವೈದ್ಯರಿಗೆ ತೋರಿಸಿದೆ. ಹೆಸರಿಟ್ಟೇ ಹೇಳಿದೆ, ಅವರು ಸೊಂಟದಿಂದ ಹುಡುಕಬೇಕಾಗಲಿಲ್ಲ. ವರ್ಷಗಟ್ಟಲೆ ಹಿಮ್ಮಡಿ ಮೇಲೆಯೇ ಇದ್ದರೆ ಮೀನಖಂಡದ ಸ್ನಾಯು ಗಿಡ್ಡವಾಗಿಬಿಡುತ್ತದಂತೆ. ಅದಕ್ಕೇ ಹೀಲಿನ ಮೇಲೆ ನಿಂತರೆ ಸುಖ, ನೆಲಕ್ಕೆ ಇಳಿದರೆ ನೋವು. "ಮೊದಲೇ ಬಂದಿದ್ದರೆ ಬೇರೆ ಮಾತಿತ್ತು. ಈಗ ಎತ್ತರವನ್ನು ಕೂದಲೆಳೆಯಷ್ಟೇ ಕಡಿಮೆ ಮಾಡುತ್ತಾ ಹೋಗಬೇಕು. ವರ್ಷಗಳು ಹಿಡಿಯಬಹುದು" ಎಂದರು. "ಆಮೇಲೆ ಓಡಬಹುದಾ ಡಾಕ್ಟ್ರೇ?" ಎಂದು ಕೇಳಿದೆ. "ಮೊದಲು ಸರಿಯಾಗಿ ನಿಲ್ಲಿ" ಎಂದರು.

ನೀವು ಕೇಳಿದ ಚಿತ್ರದಲ್ಲಿ ಹಿಂದಿನ ಗೆರೆ ನಡುಗಿದ್ದು ಶ್ರದ್ಧೆ ಇಲ್ಲದೆ ಅಲ್ಲ. ಹಾಳೆಗೂ ಹಿಮ್ಮಡಿಗೂ ನಡುವೆ ಜಾಗವಿತ್ತು. ಪೆನ್ಸಿಲಿಗೆ ಆಧಾರವೇ ಸಿಗಲಿಲ್ಲ, ಊಹಿಸಿ ಎಳೆದೆ. ನವೆಂಬರಿನ ಪತ್ರದಲ್ಲಿ ಎಲ್ಲ ಧೈರ್ಯ ಕೂಡಿಸಿಕೊಂಡು ಬರೆದಿದ್ದೆ. "ಹಿಮ್ಮಡಿ ಇಳಿಯುತ್ತಿಲ್ಲ" ಎಂದು ಬರೆಯುವ ಮೊದಲು ನಿಮ್ಮ ಜೂನಿನ ಪತ್ರವನ್ನು ತೆಗೆದು ನೋಡಿಕೊಂಡೇ ಬರೆದೆ, ಪದ ತಪ್ಪಬಾರದೆಂದು. ನೀವು ಅದರ ಮೇಲೆ ಕೆಂಪು ಗೆರೆ ಎಳೆದು "ಹೀಲು" ಎಂದು ಬರೆದು ಕಳಿಸಿದಿರಿ. ಅದನ್ನು ನೋಡುತ್ತಾ ಕುಳಿತೆ. ನನಗೆ ಸಿಟ್ಟು ಬರಲಿಲ್ಲ ದೊಡ್ಡಮ್ಮ. ಅದು ಬರೀ ಪದದ ತಪ್ಪೇ ಆಗಿರಲಿ ಎಂದು ನನಗೂ ಆಸೆಯಾಯಿತು. ಆಮೇಲೆ ಸುಣ್ಣ ಹೊಡೆಸಿದ ವಿಷಯ ಓದಿದೆ. ಮತ್ತೆ ಬರೆಯಲು ಕೈ ಬರಲಿಲ್ಲ.

ಇಲ್ಲಿಯ ಸುದ್ದಿ. ಗಡಿಯಾರದ ವಿಭಾಗದವಳು ಮುಂದೆ ನಿಂತು ಎಲ್ಲರ ಸಹಿ ಹಾಕಿಸಿದಳು. ಭಾಷೆ ಅವಳೇ ಬರೆದದ್ದು, ನೀವು ನೋಡಿದ್ದರೆ ಪುಟವೆಲ್ಲ ಕೆಂಪಾಗುತ್ತಿತ್ತು. ಆದರೂ ಮಾಲೀಕರಿಗೆ ಅರ್ಥವಾಯಿತು. ಈ ತಿಂಗಳಿನಿಂದ ಚಪ್ಪಟೆ ಬೂಟು ಹಾಕಬಹುದು. ಮೊದಲ ದಿನ ಎಲ್ಲರೂ ಹೊಳೆಯುವ ನೆಲದ ಮೇಲೆ ಮಕ್ಕಳಂತೆ ಜಾರಾಡಿದರು. ಅಳತೆಪಟ್ಟಿಯೂ ಚಪ್ಪಟೆ ಬೂಟಿನಲ್ಲೇ ಬಂದಿದ್ದರು. ಅವರೂ ಕುಳ್ಳಿಯೇ ಎಂದು ಆವತ್ತು ಗೊತ್ತಾಯಿತು.

ಹೀಲಿನಲ್ಲಿ ಉಳಿದವಳು ನಾನೊಬ್ಬಳೇ. "ಏನೇ, ನಾವು ಸಹಿ ಹಾಕಿ ಸತ್ತದ್ದು ಯಾರಿಗೆ? ನಿನಗೆ ಮೆರೆಯೋ ಚಟ ಬಿಡಲಿಲ್ಲ ನೋಡು" ಎಂದು ಗಡಿಯಾರದವಳು ಮುಖ ತಿರುಗಿಸಿಕೊಂಡಳು. ನಾನು ಬಾಗಿಲಿಗೆ ಹೋಗಿ ನಿಂತೆ. ಮುಂಬಾಗಿಲು ನನಗೇ ಕಾಯಂ ಆಗಿದೆ. ಎತ್ತರ ಇರುವವಳು ಅಲ್ಲಿ ಚೆನ್ನಾಗಿ ಕಾಣುತ್ತಾಳಂತೆ.

ಬಿಳಿ ಬೂಟನ್ನು ವಾಪಸು ಕಳಿಸಲೇ? ಅಂಗಡಿಯವರು ತೆಗೆದುಕೊಳ್ಳುತ್ತಾರೇನೋ. ಪಳಗಿಲ್ಲ, ಹೊಸದರ ಹಾಗೇ ಇದೆ.

ನಿಮ್ಮ ಮಿಡತೆ


ಏಪ್ರಿಲ್ ೬

ಮಿಡತೆ,

ನಿನ್ನ ಪತ್ರದಲ್ಲಿ ತಪ್ಪಿಲ್ಲ. ನವೆಂಬರಿನದರಲ್ಲೂ ಇರಲಿಲ್ಲ.

ಬೂಟು ಕಳಿಸಬೇಡ. ಒಳಗೆ ಹಿಮ್ಮಡಿಯಡಿಗೆ ದಪ್ಪ ಮೆತ್ತೆ ಇಟ್ಟು, ವೈದ್ಯರು ಹೇಳಿದಂತೆ ತೆಳುಮಾಡುತ್ತಾ ಬಾ. ನೆಲ ಮುಟ್ಟುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ, ಆದರೂ ಮಾಡು. ಮೆಟ್ಟಿಲಿನ ವ್ಯಾಯಾಮವನ್ನು ಅವರನ್ನು ಕೇಳದೆ ಮಾಡಬೇಡ. ನಾನು ಹೇಳಿದೆನೆಂದು ಮಾಡಲೇಬೇಡ.

ಮಂಡಳಿಯವರ ಬಳಿ ಹೋಗಿದ್ದೆ. ನೀನು ತಮಾಷೆ ಮಾಡಲಿಲ್ಲವೆಂದು ಹೇಳಿದೆ. "ಆಯ್ತು ಟೀಚರ್, ಆಗಿದ್ದು ಆಯ್ತಲ್ಲ" ಎಂದು ಕಾಫಿ ತರಿಸಿದರು. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಲೋಟ ಅಲ್ಲಿಯೇ ಬಿಟ್ಟು ಬಂದೆ.

ಹೊಸ ಡ್ರಿಲ್ ಟೀಚರ್ ಬಂದಿದ್ದಾಳೆ. ಚಿಕ್ಕ ಹುಡುಗಿ, ಚುರುಕಾಗಿದ್ದಾಳೆ. ಮನೆ ಸಿಗಲಿಲ್ಲವೆಂದು ನನ್ನ ಹಿಂದಿನ ಕೋಣೆ ಕೇಳಲು ಬಂದಿದ್ದಳು. ಖಾಲಿ ಇಲ್ಲವೆಂದು ಸುಳ್ಳು ಹೇಳಿದೆ.

ಬೆಳಿಗ್ಗೆ ಅವಳು ಮಕ್ಕಳನ್ನು ಸಾಲು ನಿಲ್ಲಿಸುತ್ತಾಳೆ. ಅವಳ ಕೂಗು ನನಗೆ ಕೇಳಿಸುವುದಿಲ್ಲ, ಸೀಟಿಯೂ ಇಲ್ಲ. ಕಿವಿ ಮಂದವಾಗಿದೆಯೆಂದು ಬರೆದಿದ್ದೆನಲ್ಲ. ಆದರೆ ಅಷ್ಟೂ ಮಕ್ಕಳ ಹಿಮ್ಮಡಿಗಳು ಒಟ್ಟಿಗೇ ನೆಲಕ್ಕೆ ಬಡಿದು ಕೂಡುತ್ತವೆ ನೋಡು, ಅದೊಂದು ಕೇಳಿಸುತ್ತದೆ. ಕಿಟಕಿ ಮುಚ್ಚಿದರೂ ಕೇಳಿಸುತ್ತದೆ.

ದೊಡ್ಡಮ್ಮ